ಅಭ್ರಕವನ್ನು ಅರೆದು ತರಬೇಡಿ

ಕವರಿನಲ್ಲಿ ಬೂದಿಯಂಥ ಪುಡಿ ತಂದು ಮೇಜಿನ ಮೇಲಿಟ್ಟು, "ಸರ್, ನುಣ್ಣಗೆ ಅರೆದಿದ್ದೀನಿ, ಆರ್ಗಾನ್ ಡೇಟಿಂಗಿಗೆ ಕಳಿಸ್ಬಹುದಾ?" ಅನ್ನುವ ವಿದ್ಯಾರ್ಥಿಗಳು ಈಗಲೂ ಬರುತ್ತಾರೆ. ಅದು ಅಭ್ರಕವಂತೆ, ಅಂದರೆ ಮೈಕಾ. ಹೊಳಪೇ ಉಳಿದಿರುವುದಿಲ್ಲ! ರಾಸಾಯನಿಕ ವಿಶ್ಲೇಷಣೆಗೆ ಕಲ್ಲನ್ನು ಹಿಟ್ಟು ಮಾಡಿ ಅಭ್ಯಾಸವಾದವರು, ಇದಕ್ಕೂ ಹಾಗೇ ಅಂದುಕೊಂಡಿರುತ್ತಾರೆ. ಪಾಪ, ರಾತ್ರಿಯೆಲ್ಲ ಕೂತು ಅರೆದಿರುತ್ತಾರೆ. ಬೈಯಲು ಮನಸ್ಸು ಬರುವುದಿಲ್ಲ, ಬೈಯದೆ ಇರಲೂ ಆಗುವುದಿಲ್ಲ.

ಅಭ್ರಕದಲ್ಲಿರುವ ಪೊಟ್ಯಾಸಿಯಂ-40 ನಿಧಾನವಾಗಿ ಕ್ಷಯಿಸುತ್ತದೆ, ಅರ್ಧಾಯುಷ್ಯ ಸುಮಾರು 125 ಕೋಟಿ ವರ್ಷ. ಹಾಗೆ ಕ್ಷಯಿಸಿದ ನೂರು ಪರಮಾಣುಗಳಲ್ಲಿ ಸುಮಾರು 11 ಆರ್ಗಾನ್-40 ಆಗುತ್ತವೆ. ಈ ಎರಡೂ ಎಷ್ಟೆಷ್ಟಿವೆ ಎಂದು ಅಳೆದು ಹರಳಿನ ವಯಸ್ಸು ಲೆಕ್ಕ ಹಾಕುವುದೇ ಆರ್ಗಾನ್ ಡೇಟಿಂಗ್. ಇದು ಎಲ್ಲರಿಗೂ ಗೊತ್ತು. ಆದರೆ ಆರ್ಗಾನ್ ಯಾರ ಜೊತೆಗೂ ಬೆರೆಯದ ಅನಿಲ ಅಲ್ವಾ? ಪದರಗಳ ನಡುವೆ ಸುಮ್ನೆ ಸಿಕ್ಕಿಕೊಂಡು ಕೂತಿರುತ್ತದೆ, ಯಾವುದಕ್ಕೂ ಅಂಟಿರುವುದಿಲ್ಲ. ಇದನ್ನು ಮಾತ್ರ ಎಲ್ಲರೂ ಮರೆಯುತ್ತಾರೆ.

ಹುರಿದ ಕಾಫಿ ಬೀಜ ಡಬ್ಬಿಯಲ್ಲಿ ಎಷ್ಟು ದಿನ ಘಮ ಹಿಡಿದಿರುತ್ತದೆ, ಪುಡಿ ಮಾಡಿಟ್ಟರೆ ಎಷ್ಟು ದಿನ? ಅಭ್ರಕದ್ದೂ ಅದೇ ಕತೆ. ಹರಳಿನ ಅಗಲ ಹತ್ತನೇ ಒಂದಕ್ಕಿಳಿದರೆ, ಅದೇ ಬಿಸಿಯಲ್ಲಿ ಅನಿಲ ಸೋರಲು ಬೇಕಾದ ಸಮಯ ನೂರನೇ ಒಂದಾಗುತ್ತದೆ. ಅದರ ಮೇಲೆ ಅರೆಯುವಾಗ ಪದರಗಳು ಬಾಗುತ್ತವೆ, ಹರಿಯುತ್ತವೆ, ಉಜ್ಜಾಟಕ್ಕೆ ಅಲ್ಲಲ್ಲಿ ಬಿಸಿಯೂ ಆಗುತ್ತವೆ. ಅರೆದ ಅಭ್ರಕ ಆರ್ಗಾನ್ ಕಳೆದುಕೊಳ್ಳುತ್ತದೆ ಎಂದು ಸೋವಿಯತ್ ವಿಜ್ಞಾನಿಗಳು 1960ರ ದಶಕದ ಆರಂಭದಲ್ಲೇ ತೋರಿಸಿದ್ದರು. ಪೊಟ್ಯಾಸಿಯಂ ಇದ್ದಲ್ಲೇ ಇರುತ್ತದೆ, ಆರ್ಗಾನ್ ಹೋಗುತ್ತದೆ. 50 ಕೋಟಿ ವರ್ಷದ ಹರಳು ಶೇ. 10ರಷ್ಟು ಆರ್ಗಾನ್ ಕಳೆದುಕೊಂಡರೆ ಉತ್ತರ ಸುಮಾರು 45 ಕೋಟಿ 60 ಲಕ್ಷ ಅಂತ ಬರುತ್ತದೆ. ಇದರಲ್ಲಿ ಯಂತ್ರದ ತಪ್ಪೇನೂ ಇಲ್ಲ.

ಎದುರು ದಿಕ್ಕಿನ ತೊಂದರೆಯೂ ಇದೆ. ಆರ್ಗಾನ್-ಆರ್ಗಾನ್ ವಿಧಾನದಲ್ಲಿ ರಿಯಾಕ್ಟರಿನ ನ್ಯೂಟ್ರಾನ್ ಹೊಡೆತದಿಂದ ಪೊಟ್ಯಾಸಿಯಂ-39 ಆರ್ಗಾನ್-39 ಆಗುತ್ತದೆ. ಪೊಟ್ಯಾಸಿಯಂ ಎಷ್ಟಿತ್ತು ಅನ್ನುವುದಕ್ಕೆ ಅದೇ ಲೆಕ್ಕ. ಆ ಹೊಡೆತಕ್ಕೆ ಆರ್ಗಾನ್-39 ಪರಮಾಣು ಸುಮಾರು 0.1 ಮೈಕ್ರಾನ್ ದೂರ ಚಿಮ್ಮುತ್ತದೆ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ದಪ್ಪ ಹರಳಿಗೆ ಇದು ಲೆಕ್ಕಕ್ಕಿಲ್ಲ. ತೀರಾ ನುಣುಪು ಪುಡಿಯಾದರೆ ಹರಳಿನಿಂದ ಹೊರಗೇ ಬೀಳುತ್ತದೆ, ಪೊಟ್ಯಾಸಿಯಂ ಕಡಿಮೆ ಇತ್ತು ಅನ್ನಿಸಿ ವಯಸ್ಸು ಇರುವುದಕ್ಕಿಂತ ಜಾಸ್ತಿ ಬರುತ್ತದೆ. ಒಂದು ತಪ್ಪು ಕೆಳಕ್ಕೆ, ಇನ್ನೊಂದು ಮೇಲಕ್ಕೆ. ಎರಡೂ ಸೇರಿ ನಂಬುವಂಥ ಸಂಖ್ಯೆ ಬಂದುಬಿಟ್ಟರೆ ದೇವರೇ ಗತಿ.

ನಾವು ಅರೆಯದಿದ್ದರೂ ಭೂಮಿ ಅರೆದಿಟ್ಟಿರುತ್ತದೆ. ಗಡಿಯಾಚೆ ತಮಿಳುನಾಡಿನ ತಾಳವಾಡಿಯಿಂದ ಹಾಸನೂರು ದಾಟಿ, ದಿಂಬಂ ಘಾಟಿಯ 27 ತಿರುವು ಇಳಿದರೆ ಬಣ್ಣಾರಿ. ಅಲ್ಲಿಂದ ಪಶ್ಚಿಮಕ್ಕೆ ಮೋಯಾರ್ ಕಣಿವೆ. ಆಳದಲ್ಲಿ ಎರಡು ಕಡೆಯ ಕಲ್ಲು ಒಂದಕ್ಕೊಂದು ಉಜ್ಜಿಕೊಂಡು ಸರಿದ ಪಟ್ಟಿ ಅದು, ಮೋಯಾರ್ ಶಿಯರ್ ವಲಯ. ಇಂಥ ಕಲ್ಲನ್ನು ಲೆನ್ಸ್ ಹಿಡಿದು ನೋಡಿ. ಫೆಲ್ಡ್‌ಸ್ಪಾರ್ ಖನಿಜದ ಕಣ್ಣಿನಾಕಾರದ ಹರಳುಗಳ ಸುತ್ತ ಬಯೋಟೈಟ್, ಅಂದರೆ ಕಪ್ಪು ಅಭ್ರಕ, ಎಳೆಎಳೆಯಾಗಿ ಬಳಸಿಕೊಂಡಿರುತ್ತದೆ. ತಾಳವಾಡಿ ಕಡೆ ಅರಿಶಿನದ ಹೊಲದ ಬದುವಿನಲ್ಲಿ ಹೀಗೇ ಒಂದು ಕಲ್ಲು ಒಡೆಯುತ್ತಿದ್ದಾಗ ಹೊಲದ ಯಜಮಾನರು ಬಂದು, "ಏನ್ ಸಾ, ಚಿನ್ನವಾ?" ಅಂದರು. "ಕಾಗೆಬಂಗಾರ" ಅಂದೆ. "ಅದಕ್ಕಾ ಇಷ್ಟು ಬಿಸಿಲಲ್ಲಿ ಬಂದ್ರಿ?" ಅಂತ ನಕ್ಕು, ಕುಡಿಯಲು ನೀರು ಕೊಟ್ಟರು.

ಇಂಥ ಹರಳು ಕಣ್ಣಿಗೆ ದೊಡ್ಡದಾಗಿ ಕಂಡರೂ ಆರ್ಗಾನಿನ ಪಾಲಿಗೆ ದೊಡ್ಡದಲ್ಲ. ಒಳಗಿನ ಮಡಿಕೆ, ಸೀಳು, ಪರಮಾಣು ಜಾಲರಿಯ ದೋಷ ಎಲ್ಲವೂ ಅದಕ್ಕೆ ಹೊರಬರುವ ದಾರಿ. ಆಲ್ಪ್ಸ್‌ನ ಬಾಗಿದ ಮಸ್ಕೊವೈಟ್ (ಬಿಳಿ ಅಭ್ರಕ) ಹರಳುಗಳನ್ನು ಲೇಸರಿನಿಂದ ಚುಕ್ಕಿ ಚುಕ್ಕಿಯಾಗಿ ಅಳೆದಾಗ ಒಂದೇ ಹರಳಿನಲ್ಲಿ ಬೇರೆ ಬೇರೆ ವಯಸ್ಸು ಸಿಕ್ಕಿದೆ. ಆದ್ದರಿಂದ "ಶಿಯರ್ ವಲಯದ ವಯಸ್ಸು ಸಿಕ್ತು ಸರ್" ಅಂತ ಕುಣಿಯುವ ಮೊದಲು ಸ್ವಲ್ಪ ತಾಳಿ. ಬಯೋಟೈಟ್ ಆರ್ಗಾನನ್ನು ಹಿಡಿದಿಡಲು ಶುರು ಮಾಡುವುದು ಸುಮಾರು 300 ಡಿಗ್ರಿ ಸೆಲ್ಸಿಯಸ್ ಕೆಳಗೆ. ಉಜ್ಜಾಟ ಅದಕ್ಕಿಂತ ಬಿಸಿಯಲ್ಲಿ ನಡೆದಿದ್ದರೆ ಸಿಗುವುದು ಕಲ್ಲು ತಣಿದ ಕಾಲ. ತಣ್ಣಗಿರುವಾಗ ಉಜ್ಜಿ ಹೊಸ ಅಭ್ರಕ ಬೆಳೆದಿದ್ದರೆ ಸರಿದ ಕಾಲ ಸಿಗಬಹುದು. ಹಳೆಯ ಹರಳು ಅರ್ಧ ಕಳೆದುಕೊಂಡು ನಿಂತಿದ್ದರೆ ಸಿಗುವುದು ಯಾವ ಘಟನೆಯದೂ ಅಲ್ಲದ ಸಂಖ್ಯೆ. ಹೊರಗಿನಿಂದ ಹೆಚ್ಚುವರಿ ಆರ್ಗಾನ್ ಸೇರಿದ್ದರೆ ಅದು ಬೇರೆಯೇ ತಲೆನೋವು.

"ಪ್ಲೇಟೋ ಚಪ್ಪಟೆ ಬಂದಿದೆಯಲ್ಲ ಸರ್?" ಅಂತ ವಾದ ಮಾಡುತ್ತಾರೆ. ಹರಳನ್ನು ಹಂತಹಂತವಾಗಿ ಕಾಯಿಸಿ ಅಳೆದಾಗ ಹಂತಹಂತಕ್ಕೂ ಒಂದೇ ವಯಸ್ಸು ಬಂದರೆ ನಕ್ಷೆಯಲ್ಲಿ ಮೂಡುವ ಚಪ್ಪಟೆ ಗೆರೆಯೇ ಈ ಪ್ಲೇಟೋ. ಆದರೆ ಹಾಗೆ ಕಾಯಿಸುವಾಗ ಅಭ್ರಕ ನಿರ್ವಾತದಲ್ಲಿ ನೀರು ಬಿಟ್ಟು ತನ್ನ ರಚನೆಯನ್ನೇ ಕಳೆದುಕೊಳ್ಳುತ್ತದೆ. ಒಳಗಿನ ಏರುಪೇರು ಕಲಸಿಹೋಗುತ್ತದೆ. ಚಪ್ಪಟೆ ಗೆರೆ ಒಳ್ಳೆಯ ಸೂಚನೆ, ನಿಜ. ಆದರೆ ಅಭ್ರಕದಲ್ಲಿ ಅದೊಂದನ್ನೇ ನಂಬಬೇಡಿ.

ಕಲ್ಲು ಒಡೆಯಲೇಬೇಕು, ಅದಕ್ಕೆ ದವಡೆಯಂತೆ ಕಲ್ಲು ಕಡಿಯುವ ಜಾ ಕ್ರಷರ್ ಯಂತ್ರ ಸಾಕು. 250ರಿಂದ 500 ಮೈಕ್ರಾನ್ ನಡುವಿನದನ್ನು ಜರಡಿ ಹಿಡಿಯಿರಿ. ಒಂದು ಹಾಳೆಯ ಮೇಲೆ ಹರಡಿ, ಹಾಳೆಯನ್ನು ಓರೆ ಮಾಡಿ ಬೆರಳಿನಿಂದ ತಟ್ಟಿ. ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್ ಉರುಳಿ ಬೀಳುತ್ತವೆ, ಅಭ್ರಕ ಹಾಳೆಗೆ ಕಚ್ಚಿಕೊಂಡು ನಿಲ್ಲುತ್ತದೆ. ಉಳಿದದ್ದು ಸೂಕ್ಷ್ಮದರ್ಶಕದಡಿ ಕೈಯಿಂದ ಆರಿಸುವ ಕೆಲಸ. ಕೆಲವು ಲ್ಯಾಬುಗಳು ಆಲ್ಕೋಹಾಲಿನಲ್ಲಿ ಮೆಲ್ಲಗೆ ತಿಕ್ಕಿ ಪದರ ಬಿಡಿಸಿ, ನುಣುಪು ಪುಡಿಯನ್ನು ಚೆಲ್ಲಿ, ದಪ್ಪದ್ದನ್ನು ಇಟ್ಟುಕೊಳ್ಳುತ್ತವೆ. ಅದು ಬೇರೆ ಮಾತು, ಅದಕ್ಕೆ ಕೈ ಪಳಗಿರಬೇಕು.

ಶಿಯರ್ ವಲಯದ್ದಾದರೆ ಅದೇ ಕಲ್ಲಿನ ಥಿನ್ ಸೆಕ್ಷನ್ನೂ (ಸೂಕ್ಷ್ಮದರ್ಶಕದಲ್ಲಿ ನೋಡಲು ಬೆಳಕು ಹಾಯುವಷ್ಟು ತೆಳುವಾಗಿಸಿದ ಕಲ್ಲಿನ ಬಿಲ್ಲೆ) ತನ್ನಿ. ಕಲ್ಲು ಕೀಳುವ ಮೊದಲೇ ಉತ್ತರ ದಿಕ್ಕಿನ ಬಾಣ, ಇಳಿಜಾರಿನ ಗುರುತು ಮಾರ್ಕರಿನಲ್ಲಿ ಹಾಕಿರಿ. ಮೋಯಾರ್ ಕಡೆ ಹೋಗುವವರು ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಅದು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ಆನೆ ಎದುರಾದಾಗ ಸುತ್ತಿಗೆ ಕೈಯಲ್ಲಿದ್ದು ಏನೂ ಪ್ರಯೋಜನವಿಲ್ಲ.