ವರದಿಯ ಕೊನೆಯ ಪ್ರತಿ ಯಾರ ಕೈಲಿರಬೇಕು?

ಮಕ್ಕಳಿಗಾಗಿ ಕೆಲಸ ಮಾಡುವ ಒಂದು ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ನಾನು ಮೌಲ್ಯಮಾಪನ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಈಗ ಚಿಕ್ಕಮಗಳೂರಿನಲ್ಲಿದ್ದೇನೆ. ಇಲ್ಲಿನ ಮತ್ತು ಹಾಸನದ ಸಣ್ಣ ಟ್ರಸ್ಟ್‌ಗಳವರು ಆಗಾಗ ಬಂದು ಕೇಳುತ್ತಾರೆ: "ಮೇಡಂ, ನಮ್ಮ ಕೆಲಸಾನೂ ಒಂದ್ಸಲ ನೋಡಿ. ಚೆನ್ನಾಗಿದೆ ಅಂತ ಒಂದು ರಿಪೋರ್ಟ್ ಬರೆದುಕೊಡಿ." ನೋಡೋಕೆ ನಾನು ಯಾವಾಗಲೂ ತಯಾರು. ಆದರೆ ಏನು ಬರೆಯಬೇಕು ಅಂತ ಮೊದಲೇ ತೀರ್ಮಾನವಾಗಿದ್ದರೆ ನೋಡಿ ಏನು ಪ್ರಯೋಜನ? ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸಂಸ್ಥೆಗಳಲ್ಲಿ ಮೂರು ಬೇರೆ ಬೇರೆ ಕೆಲಸಗಳನ್ನು ಜನ ಒಂದೇ ಅಂದುಕೊಳ್ಳುತ್ತಾರೆ. ಹಣ ನಿಯಮದ ಪ್ರಕಾರ ಖರ್ಚಾಯಿತಾ ಅಂತ ಆಡಿಟ್‌ನವರು ನೋಡುತ್ತಾರೆ. ಕೆಲಸ ಪ್ಲಾನ್ ಪ್ರಕಾರ ನಡೀತಿದೆಯಾ ಅಂತ ಕಾರ್ಯಕ್ರಮದವರೇ ತಿಂಗಳು ತಿಂಗಳು ನೋಡಿಕೊಳ್ಳುತ್ತಾರೆ. ಮೌಲ್ಯಮಾಪನ ಕೇಳುವುದು ಬೇರೆ: ಮಗುವಿನ ಬದುಕಿನಲ್ಲಿ ಏನಾದರೂ ಬದಲಾಯಿತಾ? ಬದಲಾಗಿದ್ದರೆ ಅದು ನಮ್ಮಿಂದ ಆಯಿತಾ? ಯಾವ ಮಗುವಿಗೆ ಏನೂ ಸಿಗಲಿಲ್ಲ? ಲೆಕ್ಕ ಪಕ್ಕಾ ಇದ್ದು, ಪ್ಲಾನ್ ಪೂರ್ತಿ ಮುಗಿದಿದ್ದರೂ ಈ ಪ್ರಶ್ನೆಗಳಿಗೆ ಉತ್ತರ "ಇಲ್ಲ" ಅಂತ ಬರಬಹುದು.

ಹಾಗೆ ಬಂದಾಗ ಅದನ್ನು ಹೇಳುವವರು ಯಾರು? ಕಾರ್ಯಕ್ರಮ ನಡೆಸುವವರು ಕೆಟ್ಟವರಲ್ಲ. ನಾನು ಕಂಡವರಲ್ಲಿ ಹೆಚ್ಚಿನವರು ಮಕ್ಕಳಿಗಾಗಿ ನಿದ್ದೆಗೆಟ್ಟು ದುಡಿದವರು. ಆದರೆ ಮುಂದಿನ ವರ್ಷದ ಹಣ, ಸಿಬ್ಬಂದಿಯ ಕೆಲಸ, ದಾನಿಗಳ ನಂಬಿಕೆ ಎಲ್ಲವೂ ಆ ಉತ್ತರದ ಮೇಲೆ ನಿಂತಿರುತ್ತವೆ. ಪಾಠ ಹೇಳಿದ ಮೇಷ್ಟ್ರ ಕೈಗೇ ಎಸ್‌ಎಸ್‌ಎಲ್‌ಸಿ ಉತ್ತರ ಪತ್ರಿಕೆ ತಿದ್ದೋಕೆ ಕೊಡುವುದಿಲ್ಲ ಅಲ್ವಾ? ಮೇಷ್ಟ್ರ ಮೇಲಿನ ಅನುಮಾನದಿಂದಲ್ಲ, ಅವರನ್ನು ಆ ಇಕ್ಕಟ್ಟಿಗೆ ಸಿಕ್ಕಿಸಬಾರದು ಅಂತ.

ವಿಶ್ವಸಂಸ್ಥೆಯ ಮಕ್ಕಳ ಸಂಸ್ಥೆಯಾದ ಯುನಿಸೆಫ್‌ನ ಒಂದು ಉದಾಹರಣೆ ನನಗೆ ಬಹಳ ಮುಖ್ಯ ಅನಿಸುತ್ತದೆ. 2001ರಿಂದ 2005ರವರೆಗೆ ಕೆನಡಾ ಸರ್ಕಾರದ ನೆರವಿನಿಂದ ಪಶ್ಚಿಮ ಆಫ್ರಿಕಾದಲ್ಲಿ ಮಕ್ಕಳ ಸಾವು ತಗ್ಗಿಸುವ ದೊಡ್ಡ ಕಾರ್ಯಕ್ರಮವೊಂದು ನಡೆಯಿತು. ಲಸಿಕೆ, ವಿಟಮಿನ್ ಎ, ಔಷಧಿ ಲೇಪಿಸಿದ ಸೊಳ್ಳೆಪರದೆ, ಗರ್ಭಿಣಿಯರ ತಪಾಸಣೆ, ಕಾಯಿಲೆ ಬಿದ್ದ ಮಕ್ಕಳಿಗೆ ಚಿಕಿತ್ಸೆ, ಇವೆಲ್ಲ ಒಟ್ಟಿಗೆ. ಮಕ್ಕಳ ಸಾವು ಸುಮಾರು ಶೇ. 20ರಷ್ಟು ಇಳಿದಿದೆ ಎಂಬ ಮಾತು ಮೊದಲು ಬಂತು. ಆ ಸಂಖ್ಯೆ ಬಂದದ್ದು ಲೆಕ್ಕಾಚಾರದಿಂದ: ಇಷ್ಟು ಮಕ್ಕಳಿಗೆ ಲಸಿಕೆ, ಪರದೆ ತಲುಪಿದರೆ ಇಷ್ಟು ಸಾವು ತಪ್ಪಿರಬೇಕು ಅಂತ. ನಂತರ ಯುನಿಸೆಫ್ ತಾನೇ ಹೊರಗಿನವರಿಂದ ಮೌಲ್ಯಮಾಪನ ಮಾಡಿಸಿತು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಂಡ ಬೆನಿನ್, ಘಾನಾ, ಮಾಲಿ ದೇಶಗಳನ್ನು ನೋಡಿತು. ಕಾರ್ಯಕ್ರಮ ನಡೆದ ಜಾಗಗಳನ್ನಷ್ಟೇ ನೋಡದೆ, ನಡೆಯದ ಜಾಗಗಳ ಜೊತೆ ಇಟ್ಟು ಹೋಲಿಸಿತು.

2010ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಬೆನಿನ್‌ನಲ್ಲಿ ಕಾರ್ಯಕ್ರಮದ ಜಿಲ್ಲೆಗಳಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾವು ಶೇ. 13ರಷ್ಟು ಇಳಿದಿತ್ತು. ಕಾರ್ಯಕ್ರಮ ಇಲ್ಲದ ಕಡೆ ಶೇ. 25! ಮಾಲಿಯಲ್ಲಿ ಕಾರ್ಯಕ್ರಮದ ಕಡೆ ಶೇ. 24, ಇಲ್ಲದ ಕಡೆ ಶೇ. 31. ಅಂದರೆ ಈ ಎರಡು ದೇಶಗಳಲ್ಲಿ ಸಾವು ಇಳಿದದ್ದು ನಿಜ, ಆದರೆ ಈ ಕಾರ್ಯಕ್ರಮ ಅದನ್ನು ವೇಗಗೊಳಿಸಿತು ಅನ್ನೋಕೆ ಆಧಾರ ಸಿಗಲಿಲ್ಲ. ಕಾರಣವೂ ವರದಿಯಲ್ಲಿತ್ತು. ಲಸಿಕೆ, ವಿಟಮಿನ್ ಎ ಥರದ ಸೇವೆಗಳು ಕೆಲವು ಕಡೆ ಚೆನ್ನಾಗಿ ತಲುಪಿದ್ದವು. ಆದರೆ ಮಕ್ಕಳನ್ನು ಹೆಚ್ಚಾಗಿ ಕೊಲ್ಲುತ್ತಿದ್ದ ನ್ಯುಮೋನಿಯಾ, ಮಲೇರಿಯಾಗಳ ಚಿಕಿತ್ಸೆ ಹಿಂದೆ ಬಿದ್ದಿತ್ತು. ಸೊಳ್ಳೆಪರದೆಯ ದಾಸ್ತಾನು ಸಾಲದೇ ಹೋಗಿತ್ತು.

ಇಂಥ ವರದಿ ಬರೆಯೋಕೆ ಧೈರ್ಯ ಬೇಕು. ಅದನ್ನು ಮಾಡಿಸಿ ಜಗತ್ತಿನ ಮುಂದೆ ಇಡೋಕೆ ಇನ್ನೂ ಜಾಸ್ತಿ ಧೈರ್ಯ ಬೇಕು. ಆದರೆ ಆ ಧೈರ್ಯವನ್ನು ಒಬ್ಬ ವ್ಯಕ್ತಿಯ ಗುಣದ ಮೇಲೆ ಬಿಡಬಾರದು. ಒಳ್ಳೆಯ ಮುಖ್ಯಸ್ಥರಿದ್ದಾಗ ನಡೆದು, ಅವರು ನಿವೃತ್ತರಾದ ಮೇಲೆ ನಿಲ್ಲುವುದು ಸ್ವಾತಂತ್ರ್ಯವಲ್ಲ. ಅದನ್ನು ಸಂಸ್ಥೆಯ ಕಟ್ಟಳೆಯಲ್ಲೇ ಬರೆದಿಡಬೇಕು. ನನ್ನ ಅನುಭವದಲ್ಲಿ ಎಲ್ಲವೂ ನಿಲ್ಲುವುದು ನೇಮಕ, ಹಣ, ಪ್ರಕಟಣೆ ಈ ಮೂರರ ಮೇಲೆ.

ನೇಮಕದ ವಿಷಯ ನೋಡಿ. ಮೌಲ್ಯಮಾಪನದ ಮುಖ್ಯಸ್ಥರನ್ನು ನೇಮಿಸುವವರು, ತೆಗೆಯುವವರು ಯಾರು? ವಿಶ್ವಬ್ಯಾಂಕ್‌ನಲ್ಲಿ ಈ ಹುದ್ದೆಯವರು ಬ್ಯಾಂಕಿನ ಅಧ್ಯಕ್ಷರಿಗಲ್ಲ, ನೇರ ನಿರ್ದೇಶಕರ ಮಂಡಳಿಗೆ ಉತ್ತರ ಹೇಳುತ್ತಾರೆ. ಅವಧಿ ಮುಗಿದ ಮೇಲೆ ಅದೇ ಬ್ಯಾಂಕಿನಲ್ಲಿ ಬೇರೆ ಹುದ್ದೆ ಸಿಗುವುದಿಲ್ಲ. ಕಠಿಣ ಅನಿಸಬಹುದು, ಆದರೆ ನನಗೆ ಇದು ತುಂಬಾ ಸರಿ. ನಾಳೆ ಯಾರ ಕೈಕೆಳಗೆ ಕೆಲಸ ಮಾಡಬೇಕೋ ಅವರ ಬಗ್ಗೆ ಇವತ್ತು ನಿಜ ಬರೆಯುವುದು ಯಾರಿಗೂ ಸುಲಭವಲ್ಲ. ಯುನಿಸೆಫ್‌ನಲ್ಲಿ 36 ದೇಶಗಳ ಪ್ರತಿನಿಧಿಗಳಿರುವ ಕಾರ್ಯಕಾರಿ ಮಂಡಳಿ ಇದೆ. ಮೌಲ್ಯಮಾಪನದ ವರದಿಗಳು ಅಲ್ಲಿಗೆ ಹೋಗುತ್ತವೆ. ವಿಶ್ವಸಂಸ್ಥೆಯ ಸಂಸ್ಥೆಗಳೆಲ್ಲ ಸೇರಿ 2005ರಲ್ಲಿ ಮೌಲ್ಯಮಾಪನಕ್ಕೆ ಸಾಮಾನ್ಯ ನಿಯಮಗಳನ್ನು ಮಾಡಿಕೊಂಡವು, 2016ರಲ್ಲಿ ಪರಿಷ್ಕರಿಸಿದವು. ಸ್ವಾತಂತ್ರ್ಯ ಅದರಲ್ಲಿ ಮುಖ್ಯ ಅಂಶ.

ಹಣದ ವಿಷಯಕ್ಕೆ ಬಂದರೆ, ಯುನಿಸೆಫ್‌ನ 2018ರ ನೀತಿಯಲ್ಲಿ ಕಾರ್ಯಕ್ರಮಗಳ ಖರ್ಚಿನ ಶೇ. 1ರಷ್ಟನ್ನು ಮೌಲ್ಯಮಾಪನಕ್ಕೆ ಇಡುವ ಗುರಿ ಇತ್ತು. ನೂರಕ್ಕೆ ಒಂದು ರೂಪಾಯಿ. ಇಷ್ಟನ್ನೂ ಉಳಿಸಿಕೊಳ್ಳೋಕೆ ಎಷ್ಟೋ ಸಂಸ್ಥೆಗಳಲ್ಲಿ ಪ್ರತಿ ವರ್ಷ ಜಗ್ಗಾಟ. ಹಣ ಎಲ್ಲಿಂದ ಬರುತ್ತದೆ ಅನ್ನುವುದೂ ಅಷ್ಟೇ ಮುಖ್ಯ. ಹೆಚ್ಚಿನ ಮೌಲ್ಯಮಾಪನಗಳನ್ನು ಮಾಡಿಸುವುದು ಆಯಾ ದೇಶದ ಕಚೇರಿಗಳೇ. ಅಲ್ಲಿ ಕರೆಸಿಕೊಂಡ ಕನ್ಸಲ್ಟೆಂಟ್‌ಗೆ ಚೆಕ್ ಬರೆಯುವವರು ಕಾರ್ಯಕ್ರಮದವರೇ ಆದರೆ, ಮುಂದಿನ ಸಲ ಯಾರು ಕರೆಯುತ್ತಾರೆ ಅನ್ನೋದು ಆ ಕನ್ಸಲ್ಟೆಂಟ್‌ಗೆ ಚೆನ್ನಾಗಿ ಗೊತ್ತಿರುತ್ತದೆ. ಬಾಯಿಬಿಟ್ಟು ಯಾರೂ ಏನೂ ಹೇಳಬೇಕಾಗಿಲ್ಲ. ಸ್ವಾತಂತ್ರ್ಯ ಜಾಸ್ತಿ ಸೋರಿಹೋಗುವುದು ಇಲ್ಲಿಯೇ. ಅದಕ್ಕೇ ತಂಡದ ಆಯ್ಕೆ ಮತ್ತು ಹಣ ಪಾವತಿ ಎರಡೂ ಮೌಲ್ಯಮಾಪನ ವಿಭಾಗದ ಕೈಲೇ ಇರಬೇಕು ಅಂತ ನಾನು ಹಟ ಹಿಡಿಯುತ್ತಿದ್ದೆ.

ಇನ್ನು ಪ್ರಕಟಣೆ. ಕರಡು ವರದಿ ಕಾರ್ಯಕ್ರಮದವರ ಮೇಜಿಗೆ ಹೋದಾಗಲೇ ನಿಜವಾದ ಕೆಲಸ ಶುರು. ಕರಡಿನಲ್ಲಿ "ಕಾರ್ಯಕ್ರಮ ವಲಸೆ ಕೂಲಿಗಳ ಮಕ್ಕಳನ್ನು ತಲುಪಿಲ್ಲ" ಅಂತ ಇರುತ್ತದೆ. ವಾಪಸ್ ಬರುವಾಗ "ವಲಸೆ ಕೂಲಿಗಳ ಮಕ್ಕಳನ್ನು ತಲುಪಲು ಇನ್ನಷ್ಟು ಅವಕಾಶಗಳಿವೆ" ಅಂತ ಆಗಿರುತ್ತದೆ. ಎರಡನೆಯ ವಾಕ್ಯದಲ್ಲಿ ಸುಳ್ಳಿಲ್ಲ. ಆದರೆ ಅದನ್ನು ಓದಿದ ಯಾವ ಅಧಿಕಾರಿಯೂ ಏನೂ ಮಾಡಬೇಕಾಗಿಲ್ಲ. ಇಂಥ ನಾಲ್ಕು ವಾಕ್ಯ ಬದಲಾದರೆ ಸಾಕು, ವರದಿ ಸತ್ತುಹೋಗುತ್ತದೆ.

ಹಾಗಂತ ಕಾರ್ಯಕ್ರಮದವರ ಮಾತು ಕೇಳಬಾರದು ಅಂತಲ್ಲ. ಅವರಿಗೆ ನಮಗಿಂತ ಜಾಸ್ತಿ ಗೊತ್ತಿರುತ್ತದೆ. ನಮ್ಮ ವಿಭಾಗದ ರೀತಿ ಹೀಗಿತ್ತು. ಅಂಕಿಅಂಶ ತಪ್ಪಿದ್ದರೆ ದಾಖಲೆ ತೋರಿಸಿ, ತಿದ್ದುತ್ತೇವೆ. ನಾವು ನೋಡದ ಆಧಾರ ಇದ್ದರೆ ಕೊಡಿ, ಮತ್ತೆ ಯೋಚಿಸುತ್ತೇವೆ. ಮಾತು ಯಾರಿಗಾದರೂ ಅನ್ಯಾಯ ಮಾಡುವಂತಿದ್ದರೆ ಬದಲಿಸುತ್ತೇವೆ. ಆದರೆ ತೀರ್ಮಾನ ಒಪ್ಪಿಗೆಯಾಗಲಿಲ್ಲ ಅನ್ನುವುದೊಂದೇ ಕಾರಣಕ್ಕೆ ತೀರ್ಮಾನ ಬದಲಾಗುವುದಿಲ್ಲ. ನಿಮ್ಮ ಭಿನ್ನಾಭಿಪ್ರಾಯವನ್ನು ವರದಿಯ ಜೊತೆಗೇ ಅಚ್ಚು ಹಾಕುತ್ತೇವೆ. ಬಂದ ಒಂದೊಂದು ಟಿಪ್ಪಣಿಗೂ ಬರವಣಿಗೆಯಲ್ಲಿ ಉತ್ತರ ಕೊಟ್ಟು ಫೈಲಿನಲ್ಲಿ ಇಡಬೇಕು. ಕೊನೆಯ ಪ್ರತಿ ಮಾತ್ರ ನಮ್ಮ ಕೈಲಿ. ವೆಬ್‌ಸೈಟ್‌ಗೆ ಹಾಕುವ ಅಧಿಕಾರವೂ ನಮ್ಮದೇ. ಇದನ್ನು ಕೆಲಸ ಶುರುವಾಗುವ ಮೊದಲೇ ಒಪ್ಪಂದದಲ್ಲಿ ಬರೆದುಕೊಳ್ಳಬೇಕು. ಫಲಿತಾಂಶ ಗೊತ್ತಾದ ಮೇಲೆ ಇಂಥ ಮಾತಿಗೆ ಯಾರೂ ಒಪ್ಪುವುದಿಲ್ಲ.

ಯಾವ ಕಾರ್ಯಕ್ರಮವನ್ನು ನೋಡಬೇಕು ಅನ್ನುವ ಆಯ್ಕೆಯೂ ದೊಡ್ಡದು. ಚೆಂದದ ಫೋಟೊಗಳಿರುವ ಹೊಸ ಪೈಲಟ್ ಯೋಜನೆಯನ್ನು ಎಲ್ಲರೂ ತಾವಾಗಿಯೇ ಮುಂದಿಡುತ್ತಾರೆ. ವರ್ಷಗಳಿಂದ ಯಾರೂ ಪ್ರಶ್ನೆ ಕೇಳದೆ ನಡೆದುಬಂದ, ಹಣ ಜಾಸ್ತಿ ನುಂಗುವ ಹಳೆಯ ಕಾರ್ಯಕ್ರಮವನ್ನು ಯಾರೂ ಮುಂದಿಡುವುದಿಲ್ಲ. ಮುಖ್ಯಸ್ಥರಾದವರು ಹೋಗಬೇಕಾದ್ದು ಆ ಎರಡನೆಯದರ ಕಡೆಗೆ. ಸಮಯವೂ ಸರಿಯಾಗಿರಬೇಕು. ಮುಂದಿನ ಐದು ವರ್ಷದ ಯೋಜನೆಗೆ ಸಹಿ ಬಿದ್ದ ಮೇಲೆ ಬಂದ ವರದಿ ಎಷ್ಟು ಚೆನ್ನಾಗಿದ್ದರೂ ಕಪಾಟು ಸೇರುತ್ತದೆ.

ಇದೆಲ್ಲ ನ್ಯೂಯಾರ್ಕ್, ಜಿನೀವಾಗಳ ಮಾತಾಯಿತು, ನಮ್ಮೂರಿಗೆ ಇದರಿಂದ ಏನು ಅಂತ ಕೇಳಬಹುದು. ನಮ್ಮ ಎರಡು ಜಿಲ್ಲೆಗಳನ್ನೇ ತಗೊಳ್ಳಿ. ಚಿಕ್ಕಮಗಳೂರು ಜಿಲ್ಲೆಯ ಸರಾಸರಿ ಅಂತ ಒಂದು ಸಂಖ್ಯೆ ಕೊಟ್ಟರೆ, ಅದರಲ್ಲಿ ಕಡೂರಿನ ಬಯಲುಸೀಮೆಯೂ ಇದೆ, ಶೃಂಗೇರಿ, ಕೊಪ್ಪದ ಮಳೆಕಾಡೂ ಇದೆ. ಹಾಸನದಲ್ಲಿ ಅರಸೀಕೆರೆಯೂ ಸಕಲೇಶಪುರವೂ ಒಂದೇ ಸಾಲಿನಲ್ಲಿ ಕೂರುತ್ತವೆ. ಆ ಸರಾಸರಿಯ ಹಿಂದೆ ಮಕ್ಕಳು ಕಳೆದುಹೋಗುತ್ತಾರೆ.

ಕಾಫಿ ತೋಟದ ಲೈನ್ ಮನೆಗಳ, ಅಂದರೆ ಕೂಲಿಕಾರರ ಸಾಲುಮನೆಗಳ, ಮಕ್ಕಳನ್ನು ನೋಡಿ. ಕಾಫಿ ಕೊಯ್ಲಿನ ಕಾಲಕ್ಕೆ ಅಸ್ಸಾಂನಿಂದ, ಉತ್ತರ ಕರ್ನಾಟಕದಿಂದ ಕುಟುಂಬಗಳು ಬರುತ್ತವೆ. ಕೊಯ್ಲು ಮುಗಿದರೆ ಬೇರೆ ತೋಟ, ಬೇರೆ ಊರು. ಅಂಗನವಾಡಿ ರಿಜಿಸ್ಟರಿನಲ್ಲಿ ಇರುವ ಹೆಸರುಗಳಿಂದಲೇ ಸ್ಯಾಂಪಲ್ ಆರಿಸಿದರೆ ಈ ಮಕ್ಕಳು ಲೆಕ್ಕಕ್ಕೇ ಬರುವುದಿಲ್ಲ. ಆಗ ಫಲಿತಾಂಶ ಚೆನ್ನಾಗಿಯೇ ಬರುತ್ತದೆ! ರಿಜಿಸ್ಟರ್ ಬಿಟ್ಟು, ಕಾರ್ಮಿಕರು ಇರುವ ಜಾಗಗಳ ಪಟ್ಟಿಯನ್ನೇ ಬೇರೆಯಾಗಿ ಮಾಡಿಕೊಂಡು ಹೋಗಬೇಕು. ಕೂಲಿಗಳ ಮೇಲ್ವಿಚಾರಣೆ ಮಾಡುವ ತೋಟದ ರೈಟರ್ ಪಕ್ಕದಲ್ಲಿ ನಿಂತಿದ್ದರೆ ಯಾವ ತಾಯಿಯೂ ಬಾಯಿ ಬಿಡುವುದಿಲ್ಲ. "ಎಲ್ಲ ಚೆನ್ನಾಗೈತೆ" ಅನ್ನುತ್ತಾರೆ, ಅಷ್ಟೇ. ಸಂಜೆ, ಅವರ ಭಾಷೆ ಬರುವ ಹೆಣ್ಣುಮಗಳೊಬ್ಬಳನ್ನು ಕರೆದುಕೊಂಡು ಹೋದರೆ ಮಾತೇ ಬೇರೆ. ಮಗುವಿನ ಜೊತೆ ಮಾತಾಡುವಾಗ ಅಪ್ಪ ಅಮ್ಮನ ಒಪ್ಪಿಗೆ ಸಾಲದು, ಮಗುವೂ ಒಪ್ಪಬೇಕು. ಬೇಡ ಅಂದರೆ ಎದ್ದು ಬರಬೇಕು. ಈ ವಿಷಯದಲ್ಲಿ ನಾನು ಯಾವ ತಂಡಕ್ಕೂ ವಿನಾಯಿತಿ ಕೊಟ್ಟಿಲ್ಲ.

ಮಳೆಗಾಲದ ವಿಷಯವೂ ಹಾಗೆಯೇ. ಹೊರಗಿನ ತಂಡಗಳು ಮಲೆನಾಡಿಗೆ ಬರುವುದು ಡಿಸೆಂಬರ್, ಜನವರಿಯಲ್ಲಿ. ರಸ್ತೆ ಚೆನ್ನಾಗಿರುತ್ತದೆ, ಬಿಸಿಲೂ ಹಿತ. ಆದರೆ ಜುಲೈನಲ್ಲಿ ಹೆಬ್ಬಾಳೆ ಸೇತುವೆ ಮುಳುಗಿದರೆ ಕಳಸ, ಹೊರನಾಡಿನ ನಡುವೆ ಆ ದಾರಿಯೇ ಇಲ್ಲ. ಒಂಟಿ ಮನೆಯ ಗರ್ಭಿಣಿ ಆಗ ಅಂಗನವಾಡಿಗೆ ಹೇಗೆ ಇಳಿದು ಬರುತ್ತಾಳೆ? 2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ ಶುರುವಾದಾಗ ಗರ್ಭಿಣಿ, ಬಾಣಂತಿಯರು ಮಧ್ಯಾಹ್ನ ಅಂಗನವಾಡಿಗೇ ಬಂದು ಬಿಸಿಯೂಟ ಮಾಡಬೇಕು ಎಂಬ ಏರ್ಪಾಡಿತ್ತು. ಬಯಲಿನ ಊರಿಗೆ ಒಳ್ಳೆಯ ಯೋಚನೆ. ಗುಡ್ಡದ ಮನೆಗಳ ಬಗ್ಗೆ ಉತ್ತರ ಬೇಕಾದರೆ ಮಳೆಯಲ್ಲೇ ಹೋಗಿ ಕೇಳಬೇಕು.

ಫಲ ಯಾರದು ಅನ್ನುವ ಪ್ರಶ್ನೆ ಇಲ್ಲೂ ಇದೆ. ಒಂದು ಸಂಸ್ಥೆ ಅರಕಲಗೂಡು ತಾಲ್ಲೂಕಿನಲ್ಲಿ ಐದು ವರ್ಷ ಪೌಷ್ಟಿಕತೆಯ ಕೆಲಸ ಮಾಡಿತು ಅಂತ ಇಟ್ಟುಕೊಳ್ಳಿ. ಮಕ್ಕಳ ತೂಕ ಸುಧಾರಿಸಿತು. ಅದೇ ಹೊತ್ತಿಗೆ 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲೂ ಬರುತ್ತಿತ್ತು, ಕೂಲಿ ಹೆಚ್ಚಾಗಿತ್ತು, ರಸ್ತೆ ಆಗಿತ್ತು. ಪಕ್ಕದ ತಾಲ್ಲೂಕಿನಲ್ಲಿ ಏನಾಯಿತು ಅಂತ ನೋಡದೆ "ನಮ್ಮಿಂದಲೇ" ಅನ್ನಬಾರದು. ಮಾಲಿ, ಬೆನಿನ್‌ಗಳ ಪಾಠ ಇಲ್ಲಿಗೂ ಅನ್ವಯ.

ಸರ್ಕಾರದ ಮಟ್ಟದಲ್ಲಿ ನಮ್ಮಲ್ಲಿ ಈ ಯೋಚನೆ ಹೊಸದಲ್ಲ. ಯೋಜನಾ ಆಯೋಗದ ಕೆಳಗೆ ಮೌಲ್ಯಮಾಪನ ಸಂಸ್ಥೆ ಬಂದದ್ದು 1952ರಲ್ಲಿ. ಸ್ವತಂತ್ರ ಮೌಲ್ಯಮಾಪನ ಕಚೇರಿ ಅಂತ ಬೇರೆಯೇ ಒಂದನ್ನು ಕೇಂದ್ರ ತೆರೆಯಿತು, ಅದು ಬೇರೂರುವ ಮೊದಲೇ 2014ರಲ್ಲಿ ಮುಚ್ಚಿತು. ಮರುವರ್ಷ ನೀತಿ ಆಯೋಗದೊಳಗೆ ಒಂದು ಕಚೇರಿ ಬಂತು. ಕರ್ನಾಟಕಕ್ಕೆ 2011ರಿಂದ ತನ್ನದೇ ಮೌಲ್ಯಮಾಪನ ಪ್ರಾಧಿಕಾರ ಇದೆ, ಇದು ನಮ್ಮ ರಾಜ್ಯ ಹೆಮ್ಮೆ ಪಡಬೇಕಾದ ವಿಷಯ. ಅದರ ವರದಿಗಳನ್ನು ಪತ್ರಕರ್ತರು, ಪಂಚಾಯಿತಿ ಸದಸ್ಯರು ಓದಬೇಕು.

ಸಣ್ಣ ಟ್ರಸ್ಟ್‌ಗಳಿಗೆ ದೊಡ್ಡ ಕಚೇರಿ ಬೇಕಾಗಿಲ್ಲ. ಹಾಸನದ ಟ್ರಸ್ಟ್ ಚಿಕ್ಕಮಗಳೂರಿನ ಟ್ರಸ್ಟಿನ ಕೆಲಸ ನೋಡಲಿ, ಅವರು ಇನ್ನೊಬ್ಬರದ್ದನ್ನು ನೋಡಲಿ. ಇಬ್ಬರೇ ಪರಸ್ಪರ ನೋಡಿಕೊಂಡರೆ ಹೊಗಳಿಕೆಯ ವಿನಿಮಯ ಆಗುವ ಅಪಾಯ ಇದೆ, ಮೂರನೆಯವರು ಇರಲಿ. ನೋಡುವವರಿಗೆ ಕಾರ್ಯದರ್ಶಿಯಲ್ಲ, ಟ್ರಸ್ಟಿಗಳ ಸಭೆ ಕೆಲಸ ಒಪ್ಪಿಸಲಿ. ವರದಿ ಹೇಗೇ ಬಂದರೂ ಪ್ರಕಟಿಸುತ್ತೇವೆ ಅಂತ ಮೊದಲೇ ಠರಾವು ಮಾಡಲಿ.

ಮತ್ತೆ, ವರದಿ ಬಂದ ಮೇಲೆ ಸುಮ್ನೆ ಕೂರಬಾರದು. ಒಂದೊಂದು ಶಿಫಾರಸನ್ನೂ ಒಪ್ಪುತ್ತೀರಾ, ಸ್ವಲ್ಪ ಒಪ್ಪುತ್ತೀರಾ, ಇಲ್ಲವಾ, ಯಾಕೆ, ಯಾರು ಮಾಡುತ್ತಾರೆ, ಯಾವಾಗ, ಇದನ್ನು ಆಡಳಿತ ಬರೆದುಕೊಡಬೇಕು. ನಾನಿದ್ದ ಸಂಸ್ಥೆಯಲ್ಲಿ ಅದಕ್ಕೆ ಎರಡು ತಿಂಗಳ ಗಡುವಿತ್ತು. ಒಪ್ಪದಿರುವ ಹಕ್ಕು ಆಡಳಿತಕ್ಕೆ ಇದೆ, ಉತ್ತರ ಕೊಡದಿರುವ ಹಕ್ಕು ಇಲ್ಲ. ಟ್ರಸ್ಟ್‌ಗಳೂ ಇಂಥ ಒಂದು ಪುಟ ಮಾಡಿಕೊಳ್ಳಬಹುದು. ವರ್ಷದ ನಂತರ ಅದನ್ನೇ ಮುಂದಿಟ್ಟುಕೊಂಡು ಪ್ರತಿ ಸಾಲಿನ ಎದುರು "ಆಯಿತು", "ಆಗಿಲ್ಲ", "ಯಾಕೆ ಆಗಿಲ್ಲ" ಅಂತ ತುಂಬಿ, ಆ ಊರಿನ ತಾಯಂದಿರ ಸಭೆಯಲ್ಲಿ ಗಟ್ಟಿಯಾಗಿ ಓದಿ, ಅವರು ಹೇಳಿದ್ದನ್ನೂ ಅದೇ ಪುಟದಲ್ಲಿ ಬರೆದುಕೊಳ್ಳಿ.