ಕೂಳೆ

ಜೋಳ ಕೊಯ್ದ ಹೊಲದಲ್ಲಿ ಬರಿಗಾಲಲ್ಲಿ ನಡೆದವರಿಗೆ ಕೂಳೆ ಅಂದರೇನೆಂದು ಹೇಳಬೇಕಿಲ್ಲ, ಅಂಗಾಲಿಗೇ ಅದರ ಪರಿಚಯವಿರುತ್ತದೆ. ಪೈರು ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಬುಡ ಮತ್ತು ಬೇರು ಕೂಳೆ. ರಾಯಚೂರು, ಕೊಪ್ಪಳದ ಕಡೆ ಆಡುಮಾತಿನಲ್ಲಿ ಕೂಳಿ. ಕಬ್ಬಿನವರು ಅದೇ ಬುಡದಿಂದ ಮತ್ತೆ ಚಿಗುರುವ ಬೆಳೆಗೂ ಕೂಳೆ ಬೆಳೆ ಎನ್ನುತ್ತಾರೆ. ಹುಲ್ಲು, ಹೊಟ್ಟು, ಹತ್ತಿ ಕಟ್ಟಿಗೆ ಎಲ್ಲವನ್ನೂ ಸೇರಿಸಿ ಹೇಳುವಾಗ ‘ಬೆಳೆ ಉಳಿಕೆ’ ಎಂಬ ಪದ ಬಳಕೆಯಲ್ಲಿದೆ. ಕೆಲವರು ‘ಬೆಳೆ ತ್ಯಾಜ್ಯ’ ಎಂದೂ ಬರೆಯುತ್ತಾರೆ. ಆ ಮಾತು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಮಣ್ಣಿನ ಮಟ್ಟಿಗೆ ಅದು ತ್ಯಾಜ್ಯವಲ್ಲ, ಊಟ.

ಒಳ್ಳೆಯ ಮಣ್ಣಿನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಮಾತ್ರ ಗಟ್ಟಿ ಪದಾರ್ಥ. ಉಳಿದರ್ಧ ಬರೀ ಸಂದು, ಅದರಲ್ಲಿ ನೀರು ಮತ್ತು ಗಾಳಿ. ಈ ಸಂದುಗಳು ಉಳಿಯಬೇಕಾದರೆ ಮಣ್ಣಿನ ಪುಡಿ ಸಣ್ಣ ಸಣ್ಣ ಹರಳುಗಳಾಗಿ ಕಟ್ಟಿಕೊಂಡಿರಬೇಕು. ಕಟ್ಟುವ ಅಂಟು ಬರುವುದು ಬೇರುಗಳಿಂದ, ಶಿಲೀಂಧ್ರದ ಎಳೆಗಳಿಂದ, ಸೂಕ್ಷ್ಮಜೀವಿಗಳ ಲೋಳೆಯಿಂದ. ಈ ಜೀವಿಗಳು ತಿನ್ನುವುದು ಕೂಳೆಯನ್ನು. ಮಣ್ಣಿನ ಭೌತಿಕ ಆರೋಗ್ಯ ಎಂದರೆ ಮುಖ್ಯವಾಗಿ ಇದೇ: ಹರಳು ಗಟ್ಟಿಯಿದೆಯೇ, ನೀರು ಇಂಗುತ್ತದೆಯೇ, ಬೇರು ಇಳಿಯುತ್ತದೆಯೇ.

ಇದನ್ನು ನೋಡಲು ಪ್ರಯೋಗಾಲಯ ಬೇಡ. ಎಂದೂ ಉಳದ ಬದುವಿನಿಂದ ಒಂದು ಒಣ ಹೆಂಟೆ, ವರ್ಷವೂ ಉಳುವ ಹೊಲದ ನಡುವಿನಿಂದ ಇನ್ನೊಂದು ತಂದು, ಎರಡು ಗಾಜಿನ ಲೋಟದ ನೀರಿನಲ್ಲಿ ಮೆಲ್ಲಗೆ ಬಿಡಿ. ಸಾಮಾನ್ಯವಾಗಿ ಬದುವಿನದು ಬಹಳ ಹೊತ್ತು ರೂಪ ಉಳಿಸಿಕೊಳ್ಳುತ್ತದೆ, ಹೊಲದ್ದು ಬೇಗ ಕರಗಿ ತಳಕ್ಕೆ ಕೂರುತ್ತದೆ. ಹೊಲದಲ್ಲಿ ಮಳೆ ಬಿದ್ದಾಗ ಆಗುವುದೂ ಅದೇ. ದೊಡ್ಡ ಹನಿಯೊಂದು ನೆಲಕ್ಕೆ ಬಡಿಯುವ ವೇಗ ಗಂಟೆಗೆ ಸುಮಾರು 30 ಕಿ.ಮೀ. ಮೇಲೆ ಕೂಳೆ, ಹುಲ್ಲು ಇದ್ದರೆ ಆ ಏಟನ್ನು ಅವು ತಿನ್ನುತ್ತವೆ. ಇಲ್ಲದಿದ್ದರೆ ಹರಳು ಒಡೆದು, ನುಣ್ಣನೆಯ ಪುಡಿ ಸಂದುಗಳಿಗೆ ಇಳಿದು, ಒಣಗಿದ ಮೇಲೆ ಹಕ್ಕಳೆಯಂಥ ಪದರ ಏಳುತ್ತದೆ. ಕೊಪ್ಪಳದ ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ಸಜ್ಜೆ ಬಿತ್ತಿದವರಿಗೆ ಇದರ ಸಂಕಟ ಗೊತ್ತು. ಮೊಳಕೆ ಆ ಪದರವನ್ನು ಒಡೆಯಲಾರದೆ ಒಳಗೇ ಸೊರಗುತ್ತದೆ.

ಉಳುಮೆಯ ಕಥೆ ಇನ್ನಷ್ಟು ತೊಡಕಿನದು. ಉತ್ತ ದಿನ ಮಣ್ಣು ಸಡಿಲವಾಗಿರುತ್ತದೆ, ಕಣ್ಣಿಗೂ ಚಂದ. ಆದರೆ ಅದು ನೇಗಿಲು ಕೊಟ್ಟ ಸಡಿಲ, ಒಂದೆರಡು ದೊಡ್ಡ ಮಳೆಗೆ ಕುಸಿಯುತ್ತದೆ. ಹರಳಿನೊಳಗೆ ಬಚ್ಚಿಟ್ಟುಕೊಂಡಿದ್ದ ಇಂಗಾಲ ಹೊರಬಿದ್ದು ಸೂಕ್ಷ್ಮಜೀವಿಗಳ ಬಾಯಿಗೆ ಸಿಕ್ಕಿ ಗಾಳಿಗೆ ಹೋಗುತ್ತದೆ. ಟ್ರ್ಯಾಕ್ಟರಿಗೆ ಕಟ್ಟಿ ಮಣ್ಣು ಪುಡಿ ಮಾಡುವ ರೋಟಾವೇಟರ್ ಹೊಡೆದಷ್ಟೂ ಪುಡಿ ನುಣ್ಣಗೆ, ಅಂಟು ಕಡಿಮೆ. ಕೂಳೆ ತೆಗೆದವರು ಊಟ ನಿಲ್ಲಿಸುತ್ತಾರೆ, ಪದೇ ಪದೇ ಉಳುವವರು ಕೂಡಿಟ್ಟದ್ದನ್ನೂ ಕರಗಿಸುತ್ತಾರೆ. ಎರಡೂ ಒಂದೇ ಹೊಲದಲ್ಲಿ ನಡೆದರೆ ನಷ್ಟ ದುಪ್ಪಟ್ಟು. ಹಾಗೆಂದು ಉಳುಮೆ ಒಮ್ಮೆಲೇ ನಿಲ್ಲಿಸಿದರೆ ಮೊದಲ ಕೆಲವು ವರ್ಷ ಮೇಲ್ಮಣ್ಣು ಇನ್ನೂ ಬಿಗಿಯಾಗಬಹುದು, ಅದನ್ನು ಮುಚ್ಚಿಡಬಾರದು. ಎರೆ ಭೂಮಿಗೆ, ಅಂದರೆ ಕಪ್ಪು ಮಣ್ಣಿಗೆ, ಬಿರುಕು ಬಿಟ್ಟು ಮತ್ತೆ ಉಬ್ಬುವ ಗುಣವಿದೆ, ತನ್ನನ್ನು ತಾನೇ ಅಷ್ಟಿಷ್ಟು ಸಡಿಲಿಸಿಕೊಳ್ಳುತ್ತದೆ. ಮಸಾರಿಗೆ ಆ ಭಾಗ್ಯವಿಲ್ಲ.

ತುಂಗಭದ್ರಾ ಕಾಲುವೆ ಕೆಳಗಿನ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಗದ್ದೆಗಳದ್ದು ಬೇರೆಯೇ ಸ್ಥಿತಿ. ಅಲ್ಲಿ ಕೆಸರು ಮಾಡುವಾಗ ಹರಳನ್ನು ಬೇಕೆಂದೇ ಒಡೆಯುತ್ತಾರೆ, ನೀರು ಇಂಗದೆ ನಿಲ್ಲಲಿ ಎಂದು. ಭತ್ತಕ್ಕೆ ಅದು ಸರಿ. ಆದರೆ ವರ್ಷಗಟ್ಟಲೆ ಹೀಗೆ ತುಳಿದಾಗ ಒಂದು ಗೇಣು ಆಳದ ಆಸುಪಾಸಿನಲ್ಲಿ ಗಡಸು ಪದರ ಕೂರುತ್ತದೆ. ಎರಡನೇ ಬೆಳೆಗೆ ನೀರಿಲ್ಲವೆಂದು ಕಡಲೆ ಹಾಕಿದ ವರ್ಷ ಅದು ಗೊತ್ತಾಗುತ್ತದೆ: ಬೇರು ಅಲ್ಲಿಗೆ ಮುಟ್ಟಿ ಅಡ್ಡಕ್ಕೆ ತಿರುಗಿರುತ್ತದೆ. ಅದರ ಮೇಲೆ ಯಂತ್ರ ಕೊಯ್ದುಬಿಟ್ಟ ಹುಲ್ಲಿಗೆ ಬೆಂಕಿ ಹಚ್ಚುವುದನ್ನು ನೋಡಿದರೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ಭತ್ತ ಎಷ್ಟು ತೂಗುತ್ತದೋ ಹುಲ್ಲೂ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ, ಅದರಲ್ಲಿ ನೂರಕ್ಕೆ ಸುಮಾರು 40 ಪಾಲು ಇಂಗಾಲ.

ಒಣಬೇಸಾಯದವರನ್ನು ನಾನು ದೂರುವುದಿಲ್ಲ. ಜೋಳದ ಕಣಿಕೆ ಬಣವೆಗೆ ಹೋಗಲೇಬೇಕು, ದನ ತಿನ್ನಬೇಕು. ಮೊದಲು ಅದು ತಿಪ್ಪೆಯ ಮೂಲಕ ಹೊಲಕ್ಕೆ ಮರಳುತ್ತಿತ್ತು. ಈಗ ಎತ್ತು ಕಡಿಮೆಯಾದ ಮನೆಗಳಲ್ಲಿ ಆ ದಾರಿ ಮುಚ್ಚಿದೆ. ಹಾಗಿದ್ದರೂ ಬುಡದ ಒಂದು ಗೇಣು ಬಿಟ್ಟು ಕೊಯ್ಯಬಹುದು, ಬೇರುಸಮೇತ ಕೀಳದಿರಬಹುದು. ಬಳ್ಳಾರಿ ಸೀಮೆಯ ಎರೆ ಹೊಲಗಳಲ್ಲಿ ಸಂಶೋಧಕರು ಜೋಳದ ಕೂಳೆಯನ್ನು ಸಣ್ಣ ಕಾಲುವೆಗಳಲ್ಲಿ ನೆಟ್ಟಗೆ ತುಂಬಿ, ತುದಿ ನೆಲದ ಮೇಲೆ ಕಾಣುವಂತೆ ಬಿಟ್ಟು ನೋಡಿದ್ದಾರೆ. ಓಡುವ ಮಳೆನೀರು ಆ ಕೂಳೆಯ ಸಾಲಿನಲ್ಲೇ ಒಳಗಿಳಿಯುತ್ತದೆ.

ಭತ್ತದ ಹುಲ್ಲನ್ನು ಮಣ್ಣಿಗೆ ಸೇರಿಸುವವರು ಒಂದನ್ನು ನೆನಪಿಡಬೇಕು. ಅದರಲ್ಲಿ ಇಂಗಾಲ ಜಾಸ್ತಿ, ಸಾರಜನಕ ತೀರ ಕಡಿಮೆ. ಕೊಳೆಸುವ ಜೀವಿಗಳು ಕೊರತೆಯನ್ನು ಮಣ್ಣಿನಿಂದಲೇ ಎಳೆದುಕೊಳ್ಳುವುದರಿಂದ ಹೊಸ ಪೈರು ಕೆಲಕಾಲ ಹಳದಿಯಾಗುತ್ತದೆ. ಹುಲ್ಲು ಸೇರಿಸಿ ಮೂರು–ನಾಲ್ಕು ವಾರ ಕಾದು, ಸ್ವಲ್ಪ ಸಾರಜನಕ ಮೊದಲೇ ಕೊಟ್ಟರೆ ಆ ತೊಂದರೆ ತಗ್ಗುತ್ತದೆ.