ಜೂನ್ ತಿಂಗಳ ಶೂ ಲೆಕ್ಕ ಐಸ್ ಮೇಲೆ ನಡೆಯೋದಿಲ್ಲ

ಸೆಪ್ಟೆಂಬರ್ ಬಂತು ಅಂದ್ರೆ ನಮ್ಮ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಟೊರಾಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿ ಐಸ್ ರಿಂಕ್‌ಗೆ, ಅಂದ್ರೆ ಐಸ್ ಮೇಲೆ ಆಡುವ ಅಂಗಳಕ್ಕೆ, ಅಂಟಿಕೊಂಡ ಸಣ್ಣ ಅಂಗಡಿ. ಐಸ್ ಹಾಕಿ ಆಡುವವರ ಕಾಲಿಗೆ ಸ್ಕೇಟ್ (ಅಡಿಯಲ್ಲಿ ಬ್ಲೇಡ್ ಇರುವ ಬೂಟು) ಕೂರಿಸುವುದು, ಬ್ಲೇಡಿಗೆ ಸಾಣೆ ಹಿಡಿಯುವುದು ನನ್ನ ಕೆಲಸ. ಈಚೆಗೆ ಕನ್ನಡದ ಮನೆಗಳಿಂದಲೂ ಮಕ್ಕಳು ಬರುತ್ತಿದ್ದಾರೆ. ಅದು ನನಗೆ ತುಂಬಾ ಖುಷಿ.

ಹೋದ ವರ್ಷ ಒಬ್ಬ ತಾಯಿ ಎಂಟು ವರ್ಷದ ಮಗನನ್ನು ಕರೆದುಕೊಂಡು ಬಂದಿದ್ದರು. ನಾನು ಕನ್ನಡದವನು ಅಂತ ಗೊತ್ತಾದ ಕೂಡಲೇ ಮೊದಲ ಮಾತೇ ಇದು: "ಸರ್, ಎರಡು ಸೈಜ್ ದೊಡ್ಡದೇ ಕೊಟ್ಟುಬಿಡಿ. ಬೆಳೆಯೋ ಕಾಲು. ಮುಂದಿನ ವರ್ಷಕ್ಕೂ ಆಗುತ್ತೆ ಅಲ್ವಾ?"

ಅವರ ಲೆಕ್ಕ ನನಗೆ ಚೆನ್ನಾಗಿ ಗೊತ್ತು. ಜೂನ್‌ನಲ್ಲಿ ಶಾಲೆ ಶುರುವಾಗುವ ಮುಂಚೆ ನಮ್ಮಪ್ಪ ಸಾಗರದ ಪೇಟೆಯಲ್ಲಿ ಶೂ ಕೊಡಿಸುತ್ತಿದ್ದದ್ದೂ ಹೀಗೇ. ಬೆರಳಿನ ಕಡೆ ಹತ್ತಿ ತುರುಕಿಕೊಂಡು ಒಂದು ವರ್ಷ, ಹತ್ತಿ ತೆಗೆದು ಇನ್ನೊಂದು ವರ್ಷ. ರಸ್ತೆಯಲ್ಲಿ ನಡೆಯೋಕೆ ಅದರಿಂದ ದೊಡ್ಡ ತೊಂದರೆ ಏನಿಲ್ಲ. ಐಸ್ ಮೇಲೆ ಮಾತ್ರ ಆ ಲೆಕ್ಕ ನಡೆಯುವುದಿಲ್ಲ.

ಯಾಕೆ ಅಂದ್ರೆ, ಹಾಕಿ ಸ್ಕೇಟಿನ ಬ್ಲೇಡ್ ಸುಮಾರು 3 ಮಿಲಿಮೀಟರ್ ದಪ್ಪ. ಮಗುವಿನ ಪೂರ್ತಿ ಭಾರ ಅದರ ಮೇಲೆ. ತಿರುಗಬೇಕು ಅಂದ್ರೆ ಕಾಲನ್ನು ಸ್ವಲ್ಪ ವಾಲಿಸಬೇಕು, ಆಗ ಬ್ಲೇಡಿನ ಒಂದು ಅಂಚು ಐಸನ್ನು ಕಚ್ಚುತ್ತದೆ. ಬೂಟು ಸಡಿಲ ಇದ್ದರೆ ಮೊದಲು ಕಾಲು ಬೂಟಿನೊಳಗೆ ವಾಲುತ್ತದೆ, ಆಮೇಲೆ ಬೂಟು ವಾಲುತ್ತದೆ. ಅಷ್ಟು ಹೊತ್ತಿಗೆ ಮಗು ಬಿದ್ದಿರುತ್ತದೆ. ಎಷ್ಟೋ ಅಪ್ಪ ಅಮ್ಮ ನನ್ನ ಹತ್ತಿರ ಬಂದು "ಇವನ ಪಾದದ ಗಂಟಿಗೆ ಶಕ್ತಿ ಸಾಲದು, ಕಾಲು ಒಳಕ್ಕೆ ಮಡಚುತ್ತೆ" ಅನ್ನುತ್ತಾರೆ. ಬೂಟು ಬಿಚ್ಚಿಸಿ ನೋಡಿದರೆ ಹೆಚ್ಚಿನ ಸಲ ಸೈಜ್ ಒಂದೂವರೆ ದೊಡ್ಡದು. ಸರಿಯಾದ ಬೂಟು ಹಾಕಿಸಿದ ದಿನವೇ ಅದೇ ಕಾಲು ನೆಟ್ಟಗೆ ನಿಲ್ಲುತ್ತದೆ.

ಸ್ಕೇಟಿನ ನಂಬರು ಶೂ ನಂಬರಿಗಿಂತ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಕಮ್ಮಿ ಇರುತ್ತದೆ. ಶೂ 4 ಆದರೆ ಸ್ಕೇಟ್ 2.5 ಅಥವಾ 3. ಇದು ಹುಡುಕಾಟ ಶುರು ಮಾಡುವುದಕ್ಕೆ ಮಾತ್ರ. ತೆಳ್ಳಗಿನ ಒಂದೇ ಸಾಕ್ಸ್ ಹಾಕಿಸಿ. ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿಸಿ, ಕಾಲು ಪೂರ್ತಿ ಹಿಂದಕ್ಕೆ ಕೂರಬೇಕು. ಆಮೇಲೆ ಲೇಸು ಕಟ್ಟಿ. ನೆಟ್ಟಗೆ ನಿಂತಾಗ ಬೆರಳ ತುದಿ ಬೂಟಿನ ಮುಂಭಾಗಕ್ಕೆ ಸವರಿದ ಹಾಗೆ ತಾಗಬೇಕು. ಮಂಡಿ ಬಗ್ಗಿಸಿದಾಗ ಬೆರಳು ಚೂರು ಹಿಂದಕ್ಕೆ ಬರಬೇಕು. ಹಿಮ್ಮಡಿ ಮೇಲಕ್ಕೆ ಏಳಲೇಬಾರದು. ಬೆಳೆಯೋ ಮಗು ಅಂತ ನಾನು ಬಿಡುವುದು ಅರ್ಧ ಸೈಜ್, ಅದಕ್ಕಿಂತ ಒಂದು ಚೂರೂ ಜಾಸ್ತಿ ಇಲ್ಲ.

ಉದ್ದ ಸರಿ ಇದ್ದರೆ ಸಾಲದು, ಆಳವನ್ನೂ ನೋಡಬೇಕು. ಲೇಸು ಬಿಚ್ಚಿ, ಲೇಸಿನಡಿಯ ಬೂಟಿನ ನಾಲಿಗೆಯನ್ನು ಮುಂದಕ್ಕೆ ಎಳೆದು, ಮೇಲಿನಿಂದ ಮೂರನೇ ಜೋಡಿ ತೂತುಗಳ ಮೇಲೆ ಅಡ್ಡಕ್ಕೆ ಒಂದು ಪೆನ್ಸಿಲ್ ಇಡಿ. ಪೆನ್ಸಿಲ್ ಎರಡೂ ಬದಿಗೆ ತಾಗಿ ನಿಂತರೆ ಆಳ ಸರಿ. ಕಾಲಿಗೇ ಮೊದಲು ತಾಗಿ ಓಲಾಡಿದರೆ ಆ ಬೂಟು ಆ ಪಾದಕ್ಕೆ ಸಾಲದು. ಬಲವಂತವಾಗಿ ಲೇಸು ಬಿಗಿದರೆ ಪಾದದ ಮೇಲುಭಾಗ ನೋಯುತ್ತದೆ. ಬಾವರ್ ಕಂಪನಿ ಈ ಅಗಲ-ಆಳಗಳಿಗೆ ಫಿಟ್ 1, 2, 3 ಅಂತ ನಂಬರು ಕೊಟ್ಟಿದೆ. ಸಿಸಿಎಂ ಕಂಪನಿ ಟೇಪರ್ಡ್ (ಕಿರಿದು), ರೆಗ್ಯುಲರ್, ವೈಡ್ (ಅಗಲ) ಅನ್ನುತ್ತದೆ. ಗೆಳೆಯ ಯಾವ ಬ್ರಾಂಡ್ ಹಾಕಿದ್ದಾನೆ ಅಂತ ಮಕ್ಕಳು ಹಟ ಹಿಡಿಯುತ್ತಾರೆ. ಗೆಳೆಯನ ಪಾದ ಬೇರೆ, ಇವನ ಪಾದ ಬೇರೆ.

ದುಬಾರಿ ಸ್ಕೇಟಿನ ಬಗ್ಗೆ ಒಂದು ಮಾತು. ಬೆಲೆ ಏರಿದ ಹಾಗೆ ಬೂಟು ಗಟ್ಟಿಯಾಗುತ್ತಾ ಹೋಗುತ್ತದೆ. 80 ಕಿಲೋ ಇರುವ, ವಾರಕ್ಕೆ ಐದು ದಿನ ಆಡುವ ಆಟಗಾರನಿಗೆ ಆ ಗಡಸು ಬೇಕು. 28 ಕಿಲೋ ಇರುವ ಮಗು ಅದನ್ನು ಬಗ್ಗಿಸಲಾರದು. ಮಂಡಿ ಬಗ್ಗದೆ ಸ್ಕೇಟಿಂಗ್ ಬರುವುದಿಲ್ಲ. ಹಾಗಾಗಿ ಶುರುವಿನವರಿಗೆ ನಾನು ಮಧ್ಯಮ ಬೆಲೆಯದನ್ನೇ ಕೊಡುತ್ತೇನೆ. ಉಳಿದ ದುಡ್ಡಿನಲ್ಲಿ ಒಳ್ಳೆ ಹೆಲ್ಮೆಟ್ ತಗೊಳ್ಳಿ ಅನ್ನುತ್ತೇನೆ.

ಈಗಿನ ಬೂಟುಗಳನ್ನು ಬಿಸಿ ಮಾಡಿ ಕಾಲಿನ ಆಕಾರಕ್ಕೆ ತರಬಹುದು. ನಮ್ಮ ಹತ್ತಿರ ಅದಕ್ಕೆಂದೇ ಓವನ್ ಇದೆ. ಸುಮಾರು 80 ಡಿಗ್ರಿ ಬಿಸಿಯಲ್ಲಿ ಕೆಲವೇ ನಿಮಿಷ ಇಟ್ಟು, ಬೂಟು ಮೆತ್ತಗಾದ ಮೇಲೆ ಕಾಲಿಗೆ ಹಾಕಿ, ಲೇಸು ಕಟ್ಟಿ ಹತ್ತು ಹದಿನೈದು ನಿಮಿಷ ಸುಮ್ನೆ ಕೂರಿಸುತ್ತೇನೆ. ಆಗ ನಡೆಯಬಾರದು. ಲೇಸನ್ನು ಮೇಲಕ್ಕೆ ಜಗ್ಗದೆ ಪಕ್ಕಕ್ಕೆ ಎಳೆಯಬೇಕು, ಇಲ್ಲದಿದ್ದರೆ ಬಿಸಿ ಬೂಟಿನ ತೂತಿನ ಬಳೆಗಳು ಕಿತ್ತು ಬರುತ್ತವೆ. ಒಂದು ದಿನ ಆರಲು ಬಿಟ್ಟು ಆಮೇಲೆ ಐಸಿಗೆ ಇಳಿಯಬೇಕು. ದಯವಿಟ್ಟು ಅಡುಗೆಮನೆಯ ಓವನ್‌ನಲ್ಲಿ ಇದನ್ನು ಮಾಡಲು ಹೋಗಬೇಡಿ. ಅಂಟು ಬಿಟ್ಟುಹೋದ ಬೂಟನ್ನು ಸರಿ ಮಾಡಿಕೊಡಿ ಅಂತ ತಂದರೆ ನನ್ನ ಕೈಯಲ್ಲಿ ಹೆಚ್ಚೇನೂ ಆಗುವುದಿಲ್ಲ.

ಇಷ್ಟಾದ ಮೇಲೂ ಕೆಲವರಿಗೆ ಒಂದೇ ಜಾಗದಲ್ಲಿ ಮೂಳೆ ಒತ್ತುತ್ತದೆ. ಪಾದದ ಗಂಟಿನ ಉಬ್ಬು, ಇಲ್ಲಾ ಪಾದದ ಒಳಬದಿಯ ಮೂಳೆ. ಆಗ ನಾನು ಆ ಮೂಳೆಯ ಮೇಲೆ ಲಿಪ್‌ಸ್ಟಿಕ್ ಹಚ್ಚಿ, ಬರಿಗಾಲನ್ನೇ ಬೂಟಿಗೆ ಹಾಕಿಸುತ್ತೇನೆ. ತೆಗೆದಾಗ ಬೂಟಿನ ಒಳಗೆ ಕೆಂಪು ಗುರುತು ಬಿದ್ದಿರುತ್ತದೆ. ಅಷ್ಟೇ ಜಾಗವನ್ನು ಬಿಸಿ ಮಾಡಿ, ಒತ್ತುಯಂತ್ರದಲ್ಲಿಟ್ಟು ಹೊರಕ್ಕೆ ಉಬ್ಬಿಸಿದರೆ ಸಾಕು. ನೋವು ಅಂತ ಪೂರ್ತಿ ದೊಡ್ಡ ಸೈಜಿಗೆ ಹೋಗುವ ಅಗತ್ಯ ಇಲ್ಲ.

ಇನ್ನು ಸಾಣೆ. ನನಗೆ ತುಂಬಾ ಇಷ್ಟವಾದ ಕೆಲಸ ಇದೇ. ಅಡಿಕೆ ಸುಲಿಯುವ ಕಾಲದಲ್ಲಿ ನಮ್ಮನೆ ಜಗಲಿಯಲ್ಲಿ ಮೆಟ್ಟುಗತ್ತಿಗಳನ್ನು ಸಾಲಾಗಿಟ್ಟು ಸಾಣೆ ಹಿಡಿಯುತ್ತಿದ್ದರು. ಆ ಸದ್ದು ಕೇಳಿ ಬೆಳೆದವನು ನಾನು. ಆದರೆ ಸ್ಕೇಟ್ ಬ್ಲೇಡ್ ಕತ್ತಿಯ ಹಾಗಲ್ಲ. ಕತ್ತಿಗೆ ಒಂದು ಅಲಗು. ಸ್ಕೇಟಿಗೆ ಎರಡು, ನಡುವೆ ಉದ್ದಕ್ಕೂ ಒಂದು ತೋಡು. ಈ ತೋಡಿಗೆ ಹಾಲೋ ಅನ್ನುತ್ತೇವೆ. ಎಡಕ್ಕೆ ವಾಲಿದರೆ ಒಂದು ಅಂಚು ಕಚ್ಚುತ್ತದೆ, ಬಲಕ್ಕೆ ವಾಲಿದರೆ ಇನ್ನೊಂದು.

ತಿರುಗುವ ಸಾಣೆಕಲ್ಲಿನ ಅಂಚನ್ನು ವಜ್ರದ ತುದಿಯಿರುವ ಉಪಕರಣದಿಂದ ಮೊದಲು ದುಂಡಗೆ ಮಾಡುತ್ತೇವೆ. ಆ ದುಂಡಿನ ತ್ರಿಜ್ಯ ಎಷ್ಟೋ ಅದೇ ಹಾಲೋ ನಂಬರು. ಅಂಗಡಿಯಲ್ಲಿ ಏನೂ ಹೇಳದೆ ಕೊಟ್ಟರೆ ಹೆಚ್ಚಿನವರು 1/2 ಇಂಚಿಗೆ ಹಿಡಿದುಕೊಡುತ್ತಾರೆ. ನಂಬರು ಚಿಕ್ಕದಾದಷ್ಟೂ ತೋಡು ಆಳ, ಹಿಡಿತ ಜಾಸ್ತಿ. ನಂಬರು ದೊಡ್ಡದಾದರೆ ತೋಡು ಮೇಲುಮೇಲೆ, ಜಾರುವುದು ಸಲೀಸು.

ಎಷ್ಟು ಆಳ ಅಂತೀರಾ? 3 ಮಿಲಿಮೀಟರ್ ದಪ್ಪದ ಬ್ಲೇಡಿಗೆ ಲೆಕ್ಕ ಹಾಕಿ ನೋಡಿ. 1/2 ಇಂಚಿನ ಹಾಲೋದಲ್ಲಿ ತೋಡಿನ ಆಳ ಸುಮಾರು 0.09 ಮಿಲಿಮೀಟರ್. 3/8 ಇಂಚಿಗೆ 0.12. 5/8 ಇಂಚಿಗೆ 0.07. ಹೆಚ್ಚು ಕಮ್ಮಿ ಒಂದು ಕಾಗದದ ದಪ್ಪ. ಈ ಮೂರರಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಇರುವ ವ್ಯತ್ಯಾಸ ಒಂದು ಮಿಲಿಮೀಟರಿನ ನೂರನೇ ಎರಡೋ ಮೂರೋ ಭಾಗ. ಕಣ್ಣಿಗೆ ಕಾಣುವುದಿಲ್ಲ. ಆದರೆ ಆಟಗಾರ ಐಸಿಗೆ ಇಳಿದು ಎರಡು ಹೆಜ್ಜೆ ಹಾಕಿದರೆ ಸಾಕು, ಕಾಲಿಗೆ ಗೊತ್ತಾಗಿಬಿಡುತ್ತದೆ. ಇಷ್ಟು ವರ್ಷ ಆದರೂ ನನಗೆ ಅದು ಆಶ್ಚರ್ಯವೇ.

ಹಗುರ ಮೈಯ ಮಗುವಿನ ಭಾರಕ್ಕೆ ಬ್ಲೇಡ್ ಐಸಿನೊಳಗೆ ಇಳಿಯುವುದಿಲ್ಲ. ಅದಕ್ಕೆ ಆಳದ ತೋಡು ಹಿಡಿತ ಕೊಡುತ್ತದೆ. ದೊಡ್ಡ ಮೈಯವರಿಗೆ ಅದೇ ತೋಡು ಕೊಟ್ಟರೆ ಬ್ಲೇಡ್ ಕಚ್ಚಿಕೊಂಡು ಕೂರುತ್ತದೆ. ಅಡ್ಡ ತಿರುಗಿ ನಿಲ್ಲಲು ಹೋದರೆ ಮುಗ್ಗರಿಸುತ್ತಾರೆ, ತೊಡೆ ಬೇಗ ದಣಿಯುತ್ತದೆ. ನಾನು ಎಲ್ಲರನ್ನೂ 1/2 ಇಂಚಿನಿಂದ ಶುರು ಮಾಡಿಸುತ್ತೇನೆ. ತಿರುವಿನಲ್ಲಿ ಜಾರುತ್ತದೆ ಅಂದರೆ 7/16. ನಿಲ್ಲಲು ಕಷ್ಟ ಅಂದರೆ 9/16, ಅದೂ ಸಾಲದಿದ್ದರೆ 5/8. ಒಂದು ಸಲಕ್ಕೆ ಒಂದೇ ಮೆಟ್ಟಿಲು. ಐಸ್ ತಣ್ಣಗಿದ್ದಷ್ಟೂ ಗಟ್ಟಿ, ಅಲ್ಲಿ ಚೂರು ಆಳ ಬೇಕು ಅನ್ನುವುದನ್ನೂ ನೆನಪಿಡಿ.

ಹೊಸ ಸ್ಕೇಟ್ ಸಾಮಾನ್ಯವಾಗಿ ಸಾಣೆ ಹಿಡಿಯದೆಯೇ ಬರುತ್ತದೆ. ಆನ್‌ಲೈನ್‌ನಲ್ಲಿ ತರಿಸಿದವರಿಗೆ ಇದು ಗೊತ್ತಿರುವುದಿಲ್ಲ. ಡಬ್ಬಿಯಿಂದ ತೆಗೆದು ನೇರ ಐಸಿಗೆ ಬಿಡುತ್ತಾರೆ. ಮಗು ಎಣ್ಣೆ ಸುರಿದ ನೆಲದ ಮೇಲೆ ನಿಂತ ಹಾಗೆ ಜಾರಿ ಬಿದ್ದು, ಇನ್ನು ಬರೋದೇ ಇಲ್ಲ ಅಂತ ಅಳುತ್ತದೆ. ಮೊದಲ ದಿನದ ಹೆದರಿಕೆ ಹೋಗಲು ತಿಂಗಳುಗಟ್ಟಲೆ ಬೇಕಾಗುತ್ತದೆ.

ನನ್ನ ಒಂದು ತಪ್ಪನ್ನೂ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಒಂದು ಶನಿವಾರ, ಸಾಲು ಉದ್ದ ಇತ್ತು. ಒಂಬತ್ತು ವರ್ಷದ ಹುಡುಗಿಯ ಸ್ಕೇಟಿಗೆ ಸಾಣೆ ಹಿಡಿದು, ಪರೀಕ್ಷೆ ಮಾಡದೆ ಕೊಟ್ಟೆ. ಇಪ್ಪತ್ತು ನಿಮಿಷಕ್ಕೆ ಅವಳೇ ವಾಪಸ್ ಬಂದಳು. "ಅಂಕಲ್, ಎಡಗಡೆ ತಿರುಗೋಕೇ ಆಗ್ತಿಲ್ಲ" ಅಂದಳು. ತರಬೇತುದಾರ ಅವಳಿಗೆ ಗಮನ ಇಲ್ಲ ಅಂತ ಬೈದಿದ್ದನಂತೆ. ಬ್ಲೇಡಿನ ಮೇಲೆ ಅಳತೆಪಟ್ಟಿ ಇಟ್ಟು ನೋಡಿದೆ. ಒಂದು ಅಂಚು ಎತ್ತರ, ಇನ್ನೊಂದು ತಗ್ಗು. ಬ್ಲೇಡು ಕಲ್ಲಿನ ನಡುಮಧ್ಯಕ್ಕೆ ಬಂದಿರಲಿಲ್ಲ. ತಪ್ಪು ಪೂರ್ತಿ ನನ್ನದು, ಬೈಗುಳ ಅವಳಿಗೆ. ಆವತ್ತಿನಿಂದ ಸಾಲು ಎಷ್ಟೇ ಉದ್ದ ಇರಲಿ, ಅಳತೆಪಟ್ಟಿ ಇಡದೆ ಒಂದು ಸ್ಕೇಟೂ ನನ್ನ ಮೇಜು ದಾಟಿಲ್ಲ.

ಈ ಪರೀಕ್ಷೆ ನೀವೂ ಮಾಡಬಹುದು. ಸ್ಕೇಟನ್ನು ತಲೆಕೆಳಗಾಗಿ ಹಿಡಿದು, ಬ್ಲೇಡಿನ ಎರಡೂ ಅಂಚಿನ ಮೇಲೆ ಅಡ್ಡಕ್ಕೆ ಒಂದು ನಾಣ್ಯ ಇಡಿ. ಕಣ್ಣಿನ ಮಟ್ಟಕ್ಕೆ ತಂದು ನೋಡಿ. ನಾಣ್ಯ ಬ್ಲೇಡಿಗೆ ನೇರ ಅಡ್ಡವಾಗಿರಬೇಕು. ಒಂದು ಕಡೆ ವಾಲಿದ್ದರೆ ವಾಪಸ್ ಕೊಡಿ, ಸಂಕೋಚ ಬೇಡ. ಹರಿತ ನೋಡಲು ಅಂಚಿನ ಉದ್ದಕ್ಕೆ ಬೆರಳು ಎಳೆಯಬೇಡಿ. ಉಗುರಿನ ಮೇಲ್ಮೈಯನ್ನು ಅಂಚಿಗೆ ಅಡ್ಡವಾಗಿ ಮೆಲ್ಲಗೆ ಸವರಿ. ಸಣ್ಣ ಪುಡಿ ಎದ್ದರೆ ಹರಿತ ಇದೆ.

ಎಷ್ಟು ದಿನಕ್ಕೊಮ್ಮೆ ಅನ್ನುವುದು ಎಲ್ಲರ ಪ್ರಶ್ನೆ. ಮಕ್ಕಳಿಗೆ ಆರರಿಂದ ಹತ್ತು ಗಂಟೆಯ ಆಟಕ್ಕೊಮ್ಮೆ ಸಾಕು. ಪ್ರತಿ ಆಟಕ್ಕೂ ಹಿಡಿಸಿದರೆ ಉಕ್ಕು ಸುಮ್ನೆ ಸವೆಯುತ್ತದೆ. ಆದರೆ ಸಿಮೆಂಟ್ ನೆಲದ ಮೇಲೆ ಎರಡು ಹೆಜ್ಜೆ ಇಟ್ಟರೂ ಅಂಚು ಹೋಯಿತು ಅಂತಲೇ ಲೆಕ್ಕ. ನಡೆಯುವಾಗ ಪ್ಲಾಸ್ಟಿಕ್ ಕವಚ. ಆಟ ಮುಗಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಬಟ್ಟೆಯ ಕವಚ ಹಾಕಿ. ಒದ್ದೆ ಬ್ಲೇಡಿಗೆ ಪ್ಲಾಸ್ಟಿಕ್ ಕವಚ ಹಾಕಿ ಬ್ಯಾಗಿನಲ್ಲಿಟ್ಟರೆ ಬೆಳಗ್ಗೆ ಹೊತ್ತಿಗೆ ತುಕ್ಕು.

ಗ್ಲೌಸ್ ವಿಷಯದಲ್ಲೂ ಅದೇ ದೊಡ್ಡ ಸೈಜಿನ ಆಸೆ. ಗ್ಲೌಸ್ ಅಳತೆ ಇಂಚಿನಲ್ಲಿ: ಚಿಕ್ಕ ಮಕ್ಕಳಿಗೆ 8-9, ಸ್ವಲ್ಪ ದೊಡ್ಡವರಿಗೆ 10ರಿಂದ 12, ವಯಸ್ಕರಿಗೆ 13ರಿಂದ 15. ಅಂಗಡಿಯಲ್ಲೇ ಸ್ಟಿಕ್ ಹಿಡಿಸಿ ನೋಡಿ. ಬೆರಳ ತುದಿಯಲ್ಲಿ ಚೂರು ಜಾಗ ಇರಬೇಕು, ಅಂಗೈ ಬಟ್ಟೆ ಮುದುಡಬಾರದು. ಮುದುಡಿದರೆ ಮಗುವಿಗೆ ಸ್ಟಿಕ್ ಕೈಯಲ್ಲಿ ಇರುವುದೇ ಗೊತ್ತಾಗುವುದಿಲ್ಲ. ಅಂಗೈ ತೆಳ್ಳಗಿರುವುದು ಬೇಕೆಂದೇ. ಅದು ತೂತು ಬಿದ್ದರೆ ಬರೀ ಅಂಗೈ ಬದಲಾಯಿಸಿ ಹೊಲಿಸಬಹುದು, ಹೊಸದು ಬೇಡ. ಆಟ ಆದ ಕೂಡಲೇ ಬ್ಯಾಗಿನಿಂದ ತೆಗೆದು ಗಾಳಿಗೆ ನೇತುಹಾಕಿ. ಹೀಟರ್ ಮೇಲಿಟ್ಟರೆ ಅಂಗೈ ಹಪ್ಪಳದ ಹಾಗೆ ಬಿರುಸಾಗುತ್ತದೆ.

ಗ್ಲೌಸಿಗೂ ಮೊಣಕೈ ಪ್ಯಾಡಿಗೂ ನಡುವೆ ಚರ್ಮ ಹೆಚ್ಚು ಕಾಣಬಾರದು. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ನಾನು ದಿನವೂ ಹರಿತ ಮಾಡುವುದು ನಿಜವಾದ ಅಲಗನ್ನೇ. 2023ರ ಅಕ್ಟೋಬರ್ 28ರಂದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಟದ ನಡುವೆಯೇ ಐಸ್ ಹಾಕಿ ಆಟಗಾರ ಆಡಂ ಜಾನ್ಸನ್ ಅವರ ಕುತ್ತಿಗೆಗೆ ಸ್ಕೇಟ್ ಬ್ಲೇಡ್ ತಗುಲಿ, ಅವರು ತೀರಿಕೊಂಡರು. 29 ವರ್ಷ. ಆ ವಾರ ಸಾಣೆ ಯಂತ್ರದ ಮುಂದೆ ನಿಲ್ಲುವುದು ನನಗೆ ಕಷ್ಟವಾಗಿತ್ತು. ಕುತ್ತಿಗೆ ಪಟ್ಟಿ ಸೆಕೆ ಅಂತ ಮಕ್ಕಳು ಕಿತ್ತೆಸೆಯುತ್ತಾರೆ. ಹಾಕಿಸದೆ ಐಸಿಗೆ ಬಿಡಬೇಡಿ.

ಬೆಂಗಳೂರಿನಲ್ಲಿ ಸಾಲಾಗಿ ಚಕ್ರವಿರುವ ಇನ್‌ಲೈನ್ ಸ್ಕೇಟ್ ಕಲಿತು, ಚಳಿಗಾಲದಲ್ಲಿ ಲೇಹ್‌ಗೆ ಹೋಗಿ ಐಸ್ ಮೇಲೆ ಆಡಬೇಕು ಅನ್ನುವವರು ಕೆಲವರಿದ್ದಾರೆ. 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಐಸ್ ಹಾಕಿ ಏಷ್ಯಾ ಕಪ್‌ನಲ್ಲಿ ಭಾರತದ ಮಹಿಳಾ ತಂಡ ಕಂಚು ಗೆದ್ದ ಮೇಲೆ ಈ ಆಸೆ ಇನ್ನೂ ಹೆಚ್ಚಾದರೆ ನನಗೆ ಸಂತೋಷ. ಚಕ್ರದ ಬೂಟಿನ ನಂಬರನ್ನೇ ನಂಬಬೇಡಿ, ಮೇಲೆ ಹೇಳಿದ ಹಾಗೆ ಹಾಕಿ ನೋಡಿ. ಬಯಲಿನ ಐಸ್ ಮೇಲೆ ಧೂಳು, ಮರಳು ಕೂರುತ್ತದೆ, ಅಂಚು ಬೇಗ ಮೊಂಡಾಗುತ್ತದೆ. ಸಾಣೆ ಹಿಡಿದ ಇನ್ನೊಂದು ಜೊತೆ ಬ್ಲೇಡ್ ಬ್ಯಾಗಿನಲ್ಲಿರಲಿ. ಈಗಿನ ಹಲವು ಸ್ಕೇಟುಗಳಲ್ಲಿ ಬ್ಲೇಡನ್ನು ಸಲೀಸಾಗಿ ಬಿಚ್ಚಿ ಹಾಕಬಹುದು.

ಎರಡು ಸೈಜ್ ದೊಡ್ಡದು ಕೇಳಿದ ಆ ತಾಯಿಗೆ ಆವತ್ತು ನಾನು ಹಳೆ ಸ್ಕೇಟುಗಳ ಕಪಾಟು ತೋರಿಸಿದೆ. ಮಕ್ಕಳ ಕಾಲು ಬೇಗ ಬೆಳೆಯುವುದರಿಂದ ಚೆನ್ನಾಗಿರುವ ಸ್ಕೇಟುಗಳೇ ಅಲ್ಲಿಗೆ ಬರುತ್ತವೆ. ಬ್ಲೇಡಿನ ಉಕ್ಕು ಎಷ್ಟು ಎತ್ತರ ಉಳಿದಿದೆ, ಬೂಟಿನಡಿಯ ರಿವೆಟ್ ಸಡಿಲವಾಗಿದೆಯಾ, ಹಿಮ್ಮಡಿಯ ಒಳಗಿನ ಮೆತ್ತೆ ಹರಿದಿದೆಯಾ, ಈ ಮೂರನ್ನು ನೋಡಿದೆವು. 2.5ರ ಒಂದು ಜೊತೆ ಅವನ ಪಾದಕ್ಕೆ ಸರಿಯಾಗಿ ಕೂತಿತು. ಬಿಸಿ ಮಾಡಿ, 1/2 ಇಂಚಿಗೆ ಸಾಣೆ ಹಿಡಿದು ಕೊಟ್ಟೆ. ಮಾರ್ಚ್‌ನಲ್ಲಿ ಅವನ ಬೆರಳು ಮುಂದಕ್ಕೆ ಒತ್ತಲು ಶುರುವಾಯಿತು. ತಾನೇ ಬಂದು ಆ ಜೊತೆಯನ್ನು ಕಪಾಟಿನ ಅದೇ ಜಾಗದಲ್ಲಿಟ್ಟು, ಪಕ್ಕದ 3.5ರ ಜೊತೆ ತೆಗೆದುಕೊಂಡು, ನಾಲಿಗೆ ಎಳೆದು ಪೆನ್ಸಿಲ್ ಕೇಳಿದ.